ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳದವರ ಪರವಾಗಿ

ಮಾರ್ಗಳಿ ತಿಂಗಳ ಒಂದು ಭಾನುವಾರ ತ್ಯಾಗರಾಯನಗರದಲ್ಲಿ ಸ್ನೇಹಿತರೊಬ್ಬರ ಮನೆಗೆ ನಾವು ಏಳೆಂಟು ಮಂದಿ ಕನ್ನಡದವರು ಊಟಕ್ಕೆ ಸೇರಿದ್ದೆವು. ಹಾಸನದ ಕಡೆಯ ಒಬ್ಬ ಹುಡುಗಿಯೂ ಬಂದಿದ್ದಳು. ಓಎಂಆರ್ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಪಳ್ಳಿಕರಣೈ ಹತ್ತಿರ ಪಿಜಿಯಲ್ಲಿ ವಾಸ, ಚೆನ್ನೈಗೆ ಬಂದು ಆರು ತಿಂಗಳು. ಊಟದ ನಡುವೆ ಯಾರೋ "ಊರು ಹೇಗನ್ನಿಸ್ತಮ್ಮ?" ಎಂದು ಕೇಳಿದರು. ಆಕೆ ಸುಳ್ಳು ಹೇಳಲಿಲ್ಲ. ರಾತ್ರಿ ಎಂಟರ ನಂತರವೂ ಆಫೀಸಿನ ಕಾಲ್ ಇರುತ್ತದೆ, ಪಿಜಿಯಲ್ಲಿ ಒಂಬತ್ತಕ್ಕೆ ಅಡುಗೆಮನೆ ಬಾಗಿಲು ಹಾಕುತ್ತಾರೆ, ಟೀಮಿನಲ್ಲಿ ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗಿ ತಮಿಳಿನಲ್ಲಿ ಮುಗಿಯುತ್ತದೆ, ನಿರ್ಧಾರಗಳೆಲ್ಲ ಆಗುವುದು ಆ ತಮಿಳಿನ ಭಾಗದಲ್ಲೇ ಎಂದಳು.

ಆಮೇಲೆ ನಾವೆಲ್ಲ ಸೇರಿ ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಬ್ಬರು ತಾವು ಬಂದಾಗ ಫ್ಯಾನೂ ಇರಲಿಲ್ಲವೆಂದರು. ಇನ್ನೊಬ್ಬರು ಹೊಸ ಸೊಸೆ ಅತ್ತೆಮನೆಗೆ ಹೊಂದಿಕೊಳ್ಳುವುದಿಲ್ಲವೇ ಎಂದು ಕೇಳಿದರು. ಮತ್ತೊಬ್ಬರು ರಜನಿಕಾಂತರ ಕಥೆ ತೆಗೆದರು. ಕೊನೆಗೆ ನಾನು, ಪಾಯಸದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾ, ಸಭೆಗೆ ಮಂಗಳ ಹಾಡುವವನಂತೆ ಹೇಳಿದೆ: "ನೀರಿನ ಹಾಗಿರಬೇಕು ಪುಟ್ಟಾ. ಯಾವ ಪಾತ್ರೆಗೆ ಹಾಕಿದರೆ ಆ ಆಕಾರ."

ಆಕೆ ಒಂದು ಕ್ಷಣ ನನ್ನ ಮುಖ ನೋಡಿದಳು. "ಯಾವ ನೀರು ಅಂಕಲ್? ಮೆಟ್ರೊ ನೀರಾ, ಬೋರ್ ನೀರಾ, ಲಾರಿ ನೀರಾ, ಕ್ಯಾನ್ ನೀರಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಈ ಊರಿನಲ್ಲಿ ಮೂರು ದಶಕ ನೀರು ಹಿಡಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸುತ್ತಾ ಹೋದಂತೆ ನಾನು ಕೊಟ್ಟ ಬುದ್ಧಿಮಾತು ಹಳಸಲು ಮಾತ್ರವಲ್ಲ, ತಪ್ಪು ಕೂಡ ಎಂದು ಗೊತ್ತಾಯಿತು. ಈ ಲೇಖನ ಮೊದಲು ನನ್ನ ವಿರುದ್ಧ, ಆಮೇಲೆ ನನ್ನಂಥ ಎಲ್ಲ ಹಿತೈಷಿಗಳ ವಿರುದ್ಧ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬುದು ಬೆಂಗಳೂರಿನ ಸಿಟಿ ಬಸ್ಸಿನಿಂದ ಹುಟ್ಟಿ ನಾಡಿನ ತತ್ವಜ್ಞಾನವಾಗಿಬಿಟ್ಟ ಮಾತು. ಚೆನ್ನೈಯಲ್ಲೂ ಅದರ ಅವಳಿ ತಂಗಿ ಇದ್ದಾಳೆ: "ಕೊಂಜಂ ಅಡ್ಜಸ್ಟ್ ಪಣ್ಣಿಕ್ಕೋಂಗ". ಮೂಲದಲ್ಲಿ ಇದು ಚೆಂದದ ಮಾತೇ. ಮೂವರು ಕೂತ ಸೀಟಿನ ಮುಂದೆ ನಿಂತ ನಾಲ್ಕನೆಯವರು ಇದನ್ನು ಹೇಳುತ್ತಾರೆ, ಕೂತವರು ಒಂದಿಷ್ಟು ಸರಿಯುತ್ತಾರೆ. ಗಮನಿಸಿ, ಬಸ್ಸಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಈಗಾಗಲೇ ಸೀಟು ಹಿಡಿದು ಕೂತವರು. ಬಸ್ಸಿನಿಂದ ಇಳಿದು ಬದುಕಿಗೆ ಬಂದ ಕೂಡಲೇ ಮಾತು ತಲೆಕೆಳಗಾಗುತ್ತದೆ. ಕೂತವರೇ ನಿಂತವರಿಗೆ ಅಡ್ಜಸ್ಟ್ ಮಾಡಿಕೋ ಎನ್ನುತ್ತಾರೆ. ಅತ್ತೆ ಸೊಸೆಗೆ, ಮನೆ ಮಾಲೀಕ ಬಾಡಿಗೆಯವನಿಗೆ, ಮ್ಯಾನೇಜರು ಹೊಸಬಳಿಗೆ, ಊರಿನವರು ವಲಸೆ ಬಂದವರಿಗೆ. ಅತ್ತೆಗೆ, ಮಾಲೀಕನಿಗೆ, ಮ್ಯಾನೇಜರಿಗೆ "ಕಾಲ ಬದಲಾಗಿದೆ, ನೀವೂ ಸ್ವಲ್ಪ ಹೊಂದಿಕೊಳ್ಳಿ" ಎಂದು ಬುದ್ಧಿ ಹೇಳುವ ಭಾಷಣವನ್ನು ನಾನಿನ್ನೂ ಕೇಳಿಲ್ಲ.

ಈ ಹಳೆಯ ಉಪದೇಶಕ್ಕೆ ಈಗ ಒಂದು ಹೊಸ ಜೋಡಿ ಸಿಕ್ಕಿದೆ. "ನಿನ್ನ ದಾರಿ ನೀನೇ ಹುಡುಕಿಕೋ, ಮನಸ್ಸಿದ್ದರೆ ಮಾರ್ಗ" ಎನ್ನುವ ಸ್ಫೂರ್ತಿ ಭಾಷಣ. ಮೊದಲನೆಯದು ಬಗ್ಗು ಎನ್ನುತ್ತದೆ, ಎರಡನೆಯದು ಹಾರು ಎನ್ನುತ್ತದೆ. ಮೇಲುನೋಟಕ್ಕೆ ಇವು ಎಣ್ಣೆ ಸೀಗೆಕಾಯಿ. ಒಳಗೆ ಇಬ್ಬರದೂ ಒಂದೇ ನಂಬಿಕೆ: ಬದಲಾವಣೆ ಎಂಬುದು ಒಬ್ಬ ಮನುಷ್ಯನ ತಲೆಯೊಳಗೆ ನಡೆಯುವ ವ್ಯವಹಾರ, ಮನಸ್ಸು ಗಟ್ಟಿ ಮಾಡಿದರೆ ಆಯಿತು. ಆಗದಿದ್ದರೆ ತಪ್ಪು ನಿನ್ನದೇ. ನಾನು ಖಂಡಿಸಬೇಕೆಂದಿರುವುದು ಈ ನಂಬಿಕೆಯನ್ನು. ಹೊಂದಾಣಿಕೆ ಎನ್ನುವುದು ಶರಣಾಗತಿಯಲ್ಲ, ಚೌಕಾಸಿ. ಚೌಕಾಸಿಗೆ ನಿಲ್ಲಲು ಕಾಲ ಕೆಳಗೆ ನೆಲ ಬೇಕು. ಆ ನೆಲವನ್ನು ಯಾರೂ ಒಬ್ಬರೇ ಹೊತ್ತು ತಂದಿರುವುದಿಲ್ಲ.

ನೀರಿನಿಂದಲೇ ಶುರು ಮಾಡುತ್ತೇನೆ. ಪಾತ್ರೆಯ ಆಕಾರ ತಾಳುತ್ತದೆ ಎಂದು ನೀರನ್ನು ಹೊಗಳುವವರು ಚೆನ್ನೈಗೆ ಒಮ್ಮೆ ಬರಬೇಕು. ಆ ಹುಡುಗಿಯ ಪಿಜಿ ಇರುವ ಪಳ್ಳಿಕರಣೈ ಒಂದು ಜೌಗುಭೂಮಿ. ಅರವತ್ತು ವರ್ಷಗಳ ಹಿಂದೆ ಇದ್ದದ್ದರಲ್ಲಿ ಈಗ ಉಳಿದಿರುವುದು ಸುಮಾರು ಹತ್ತನೇ ಒಂದು ಭಾಗ. 2022ರಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು, ಅಷ್ಟರಲ್ಲಿ ಬಹುಭಾಗ ರಸ್ತೆ, ಕಸದ ಗುಡ್ಡೆ, ಕಟ್ಟಡ ಆಗಿಹೋಗಿತ್ತು. ಪಕ್ಕದ ವೇಲಚೇರಿಯ ಕೆರೆಗೂ ಅದೇ ಗತಿ. ದಶಕಗಳ ಕಾಲ ಈ ನಗರ ನೀರಿಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೋ, ಆ ಮೂಲೆಗೆ ಸರಿ" ಎನ್ನುತ್ತಲೇ ಬಂತು. ನೀರು ಸರಿಯಿತು. 2015ರ ಡಿಸೆಂಬರ್ 1ರಂದು ಆಕಾಶವೇ ಹರಿದುಬಿದ್ದಂತೆ ಮಳೆ ಸುರಿಯಿತು, ಚೆಂಬರಂಬಾಕ್ಕಂ ಜಲಾಶಯದಿಂದ ಬಿಟ್ಟ ನೀರು ಅಡ್ಯಾರ್ ನದಿಯಲ್ಲಿ ನುಗ್ಗಿತು. ಆ ವಾರ ನೀರು ಪಾತ್ರೆಯ ಆಕಾರ ತಾಳಲಿಲ್ಲ. ತನ್ನ ಹಳೆಯ ಕೆರೆ, ಹಳೆಯ ಕಾಲುವೆ, ಹಳೆಯ ಜೌಗು ಎಲ್ಲಿದ್ದವು ಎಂಬುದು ಅದಕ್ಕೆ ಚೆನ್ನಾಗಿ ನೆನಪಿತ್ತು. ವೇಲಚೇರಿಯ ಬೀದಿಗಳಲ್ಲಿ ದೋಣಿ ಓಡಿದವು. ಸರಿಯುತ್ತಾ ಹೋಗು ಎಂದು ಹೇಳುತ್ತಲೇ ಇದ್ದರೆ ಸರಿದದ್ದು ಒಂದು ದಿನ ಎಲ್ಲಿಗೆ ಬರುತ್ತದೆ ಎಂಬುದಕ್ಕೆ ಬೇರೆ ಉಪಮೆ ಬೇಕಿಲ್ಲ. ಮನುಷ್ಯರಲ್ಲಿ ಅದು ರಕ್ತದೊತ್ತಡವಾಗಿ ಬರುತ್ತದೆ, ಮಧ್ಯವಯಸ್ಸಿನ ಕಾರಣವಿಲ್ಲದ ಸಿಟ್ಟಾಗಿ ಬರುತ್ತದೆ, ಹಬ್ಬದ ದಿನ ಬಾಗಿಲು ಹಾಕಿಕೊಂಡು ಅಳುವ ಅಮ್ಮನಾಗಿ ಬರುತ್ತದೆ.

ಇನ್ನೊಂದು ವರ್ಷದ ಕಥೆ ಇದಕ್ಕಿಂತ ಸೊಗಸು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ, ಊರಿಗೆ ಕುಡಿಯಲು ಕೊಡುವ ನಾಲ್ಕೂ ಜಲಾಶಯಗಳು ಬತ್ತಿ ಬಿರುಕು ಬಿಟ್ಟವು. ಆ ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನ ವ್ಯಾಗನ್ನುಗಳಲ್ಲಿ ನೀರು ತುಂಬಿಸಿ ಚೆನ್ನೈಗೆ ತಂದರು. ಅದರಲ್ಲಿದ್ದದ್ದು ಕಾವೇರಿ. ಕೊಡಗಿನಲ್ಲಿ ಹುಟ್ಟಿ, ಮೆಟ್ಟೂರಿನಲ್ಲಿ ನಿಂತು, ಪೈಪು ಹತ್ತಿ, ರೈಲು ಹತ್ತಿ ಬಂದ ಕಾವೇರಿ. ನಮ್ಮ ಕಡೆಯ ಆ ಹೆಣ್ಣುಮಗಳಿಗೂ ಹೊಸ ಊರಿಗೆ ಬರಲು ಬರೀ ಹೊಂದಿಕೊಳ್ಳುವ ಗುಣ ಸಾಲಲಿಲ್ಲ. ಹಳಿ ಬೇಕಾಯಿತು, ವ್ಯಾಗನ್ ಬೇಕಾಯಿತು, ತುಂಬಿಸುವ ಇಳಿಸುವ ಕೈಗಳು ಬೇಕಾದವು, ಸರ್ಕಾರದ ಹಣ ಬೇಕಾಯಿತು. ನೀರಿನಂತಿರು ಎನ್ನುವವರು ಹಳಿಯ ಮಾತು ಎತ್ತುವುದೇ ಇಲ್ಲ.

ಮದ್ರಾಸಿಗೆ ಬಂದು ಗೆದ್ದ ಕನ್ನಡಿಗರ ಪಟ್ಟಿಯನ್ನು ನಾವು ದೇವರ ಪಟದಂತೆ ಗೋಡೆಗೆ ಹಾಕಿಕೊಂಡಿದ್ದೇವೆ. ಆ ಪಟಗಳನ್ನೊಮ್ಮೆ ಇಳಿಸಿ ಧೂಳು ಒರೆಸೋಣ.

ಮೊದಲನೆಯದು ಕಡಂದಲೆ ಕೃಷ್ಣರಾಯರದು. ಉಡುಪಿಯ ಮಠದಲ್ಲಿ ದುಡಿದ ಹುಡುಗ, 1920ರ ದಶಕದಲ್ಲಿ ಮದ್ರಾಸಿಗೆ ಬಂದು ಹೋಟೆಲಿನಲ್ಲಿ ಪಾತ್ರೆ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ವುಡ್‌ಲ್ಯಾಂಡ್ಸ್ ಹೋಟೆಲುಗಳ ಒಡೆಯರಾದರು. ಈ ಕಥೆಯನ್ನು ನಾವು ಹೇಳುವ ರೀತಿ: ಹೊಂದಿಕೊಂಡರು, ಬೆಳೆದರು. ನಿಜಕ್ಕೂ ಅವರು ಏನಕ್ಕೆ ಹೊಂದಿಕೊಂಡರು? ಮೌಂಟ್ ರೋಡಿನಲ್ಲಿ ಅವರು ನಡೆಸಿದ ಹೋಟೆಲಿನ ಹೆಸರು ಉಡುಪಿ ಶ್ರೀಕೃಷ್ಣ ವಿಲಾಸ. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡು ರಾಜರ ಬಂಗಲೆಯನ್ನು ಗುತ್ತಿಗೆಗೆ ಹಿಡಿದಾಗ ಆ ಬಂಗಲೆಗೆ ಇದ್ದ ಇಂಗ್ಲಿಷ್ ಹೆಸರನ್ನೇ ಹೋಟೆಲಿಗೂ ಇಟ್ಟರು. ಕೃಷ್ಣನ ಹೆಸರನ್ನು ಬೋರ್ಡಿನಿಂದ ಇಳಿಸಲು ಹಿಂಜರಿಯಲಿಲ್ಲ, ಕೃಷ್ಣನ ಊರಿನ ಅಡುಗೆಮನೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಇದನ್ನೇ ನಾನು ಚೌಕಾಸಿ ಎನ್ನುವುದು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್‌-ಇನ್ ತೆರೆದಾಗ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಕಿಟಕಿಗೆ ತಟ್ಟೆ ಸಿಕ್ಕಿಸಿಕೊಂಡು ತಿಂಡಿ ತಿನ್ನುವುದನ್ನು ಮದ್ರಾಸು ಕಲಿಯಿತು. ಇಲ್ಲಿ ಹೊಂದಿಕೊಂಡದ್ದು ಯಾರು? ಊರು.

ಕಥೆಯಲ್ಲಿ ನಾವು ನುಂಗಿಹಾಕುವ ಇನ್ನೊಂದು ಸಂಗತಿಯಿದೆ. ಆ ಕಾಲದ ಉಡುಪಿ ಹುಡುಗನೊಬ್ಬ ಮಂಗಳೂರಿನಿಂದ ರೈಲು ಹತ್ತಿ ಮದ್ರಾಸಿನಲ್ಲಿ ಇಳಿದಾಗ ಅನಾಥನಾಗಿ ಇಳಿಯುತ್ತಿರಲಿಲ್ಲ. ಊರಿನವರ ಒಂದು ಹೋಟೆಲು ಎಲ್ಲೋ ಇರುತ್ತಿತ್ತು. ಮೊದಲ ರಾತ್ರಿ ಮಲಗಲು ಅದರ ಅಡುಗೆಮನೆಯ ಜಗಲಿ, ಎರಡು ಹೊತ್ತು ಊಟ, ತುಳುವಿನಲ್ಲೋ ಕನ್ನಡದಲ್ಲೋ ಬೈಯುವ ಒಬ್ಬ ಹಿರಿಯ ಭಟ್ಟ. ಪಾತ್ರೆ ತೊಳೆಯುವವನು ರುಬ್ಬಲು ಕೂತು, ರುಬ್ಬುವವನು ಒಲೆಯ ಮುಂದೆ ನಿಂತು, ಒಲೆಯವನು ಗಲ್ಲಾಪೆಟ್ಟಿಗೆಗೆ ಬರುವ ಮೆಟ್ಟಿಲುಗಳು ಅಲ್ಲಿದ್ದವು. ಗಾಳಿ ಬಂದಾಗ ತೂರಿಕೋ ಎನ್ನುತ್ತದೆ ಗಾದೆ. ತೂರುವುದಕ್ಕೆ ಮೊದಲು ಬಡಿದು ರಾಶಿ ಹಾಕಿದ ಕಾಳಿರಬೇಕು, ನಿಲ್ಲಲು ಕಣವಿರಬೇಕು, ಕೈಯಲ್ಲಿ ಮೊರ ಇರಬೇಕು. ಬರಿಗೈಯಲ್ಲಿ ಗಾಳಿಗೆ ನಿಂತವನ ಕಣ್ಣಿಗೆ ಹೊಟ್ಟು ಮಾತ್ರ ಬೀಳುತ್ತದೆ.

ಕಣವೂ ಎಲ್ಲರಿಗೂ ಸಿಗಲಿಲ್ಲ. ಬ್ರಾಹ್ಮಣ ಹುಡುಗನಿಗೆ ತೆರೆದಿದ್ದ ಆ ಅಡುಗೆಮನೆಯ ಬಾಗಿಲು ಅದೇ ಊರಿನ ಕೊರಗರ ಹುಡುಗನಿಗೆ ತೆರೆದಿರಲಿಲ್ಲ. ಅವನು ಎಷ್ಟೇ ನೀರಿನಂತಿದ್ದರೂ ಅವನ ಪಾಲಿಗೆ ಪಾತ್ರೆಯೇ ಇರಲಿಲ್ಲ. ಮದ್ರಾಸಿನ ಹೋಟೆಲುಗಳ ಬೋರ್ಡಿನಲ್ಲಿ ‘ಬ್ರಾಹ್ಮಣ’ ಎಂಬ ಪದ ರಾಜಾರೋಷವಾಗಿದ್ದ ಕಾಲ ಅದು. 1957ರಲ್ಲಿ ಟ್ರಿಪ್ಲಿಕೇನಿನ ಒಂದು ಹೋಟೆಲಿನ ಮುಂದೆ ಪೆರಿಯಾರರ ಕಡೆಯವರು ಆ ಪದ ತೆಗೆಯಬೇಕೆಂದು ತಿಂಗಳುಗಟ್ಟಲೆ ಧರಣಿ ನಡೆಸಿದರು. ಈರೋಡಿನ ಪೆರಿಯಾರ್ ಮನೆಮಾತು ಕನ್ನಡವಾಗಿದ್ದ ವರ್ತಕ ಕುಟುಂಬದವರು. ಅವರ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ, ಆದರೆ ಈ ನಗರವನ್ನು ಅವರಷ್ಟು ಬದಲಿಸಿದವರು ಕಡಿಮೆ. ಅವರು ಬದುಕಿನಲ್ಲಿ ಎಂದೂ ಮಾಡದ ಒಂದು ಕೆಲಸವೆಂದರೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುವುದು. ಇಂದು ಯಾವ ಜಾತಿಯವರೂ ಯಾವ ಹೋಟೆಲಿಗೂ ಹೋಗಿ ಕೂತು ದೋಸೆ ಹೇಳಬಹುದಾದರೆ ಅದರ ಹಿಂದೆ ಸರಿಯಲು ಒಪ್ಪದ ಎಷ್ಟೋ ಜನರ ಹಟ ಇದೆ.

ಎರಡನೆಯ ಪಟ ರಜನಿಕಾಂತರದು. ಬೆಂಗಳೂರಿನ ಮರಾಠಿ ಮನೆಯ ಶಿವಾಜಿರಾವ್, ಬಿಟಿಎಸ್ ಬಸ್ಸಿನ ಕಂಡಕ್ಟರು, ಎಲ್ಲ ಬಿಟ್ಟು ಮದ್ರಾಸಿಗೆ ಹೋಗಿ ಸೂಪರ್‌ಸ್ಟಾರ್ ಆದರು. ಆದ್ದರಿಂದ ನೀನೂ ಧೈರ್ಯ ಮಾಡು. ಈ ‘ಆದ್ದರಿಂದ’ ಇದೆಯಲ್ಲ, ಅಲ್ಲಿ ಕಥೆ ಕಾಲು ಮುರಿದುಕೊಳ್ಳುತ್ತದೆ. ರಜನಿಕಾಂತ್ ಗಾಳಿಗೆ ಹಾರಿ ಬರಲಿಲ್ಲ. 1973ರಲ್ಲಿ ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ನಟನೆ ಕಲಿಸಲು ಒಂದು ಶಾಲೆ ಎಂಬುದು ಆಗ ಅಲ್ಲಿತ್ತು. ಅದೇ ಬಸ್ಸಿನ ಡ್ರೈವರ್ ರಾಜ್ ಬಹದ್ದೂರ್ ತಮ್ಮ ದುಡಿಮೆಯ ಹಣದಿಂದ ಗೆಳೆಯನಿಗೆ ಆಸರೆಯಾದರು. ನಿರ್ದೇಶಕ ಕೆ. ಬಾಲಚಂದರ್ ಗುರುತಿಸಿ, ತಮಿಳು ಕಲಿಯಲು ಹೇಳಿ, 1975ರ ‘ಅಪೂರ್ವ ರಾಗಂಗಳ್’ ಚಿತ್ರದಲ್ಲಿ ಪಾತ್ರ ಕೊಟ್ಟರು. ಮರುವರ್ಷ ಪುಟ್ಟಣ್ಣ ಕಣಗಾಲರ ‘ಕಥಾ ಸಂಗಮ’ ಬಂತು. ಶಾಲೆ, ಸ್ನೇಹಿತ, ಗುರು: ಈ ಮೂರನ್ನೂ ಕಥೆಯಿಂದ ತೆಗೆದುಹಾಕಿ ‘ಧೈರ್ಯ’ವೊಂದನ್ನೇ ಉಳಿಸಿದರೆ ಅದು ಸ್ಫೂರ್ತಿಯಲ್ಲ, ವಂಚನೆ. ಅಷ್ಟೇ ಧೈರ್ಯದಿಂದ ಕೋಡಂಬಾಕ್ಕಂಗೆ ಬಂದು, ಫೋಟೊ ಆಲ್ಬಂ ಹಿಡಿದು ಸ್ಟುಡಿಯೊ ಗೇಟು ಕಾದು, ಕಾದು, ಗೇಟಿನಾಚೆಯೇ ಉಳಿದುಹೋದವರ ಜೀವನಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಬರೆದಿದ್ದರೆ ರಾಜ್ ಬಹದ್ದೂರರಂಥ ಗೆಳೆಯ ಸಿಗದೆ ಹೋದವರು ಎಷ್ಟು ಮಂದಿ ಎಂದಾದರೂ ತಿಳಿಯುತ್ತಿತ್ತು.

ಮೂರನೆಯ ಪಟದ ಮುಂದೆ ನಿಲ್ಲುವಾಗ ಮನಸ್ಸು ಭಾರವಾಗುತ್ತದೆ. ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಹುಡುಗಿ, ಬೆಂಗಳೂರಿನಲ್ಲೂ ಆಮೇಲೆ ಮದ್ರಾಸಿನ ಚರ್ಚ್ ಪಾರ್ಕ್ ಶಾಲೆಯಲ್ಲೂ ಓದಿ ತರಗತಿಗೇ ಮೊದಲಿಗಳಾದವಳು. ಮುಂದೆ ಓದಬೇಕೆಂಬುದು ಅವಳ ಆಸೆ. ತಾಯಿಯ ಮಾತಿಗೆ ಬಗ್ಗಿ ಬಣ್ಣ ಹಚ್ಚಿದಳು. 1964ರಲ್ಲಿ ಬಿ.ಆರ್. ಪಂತುಲು ಅವರ ಕನ್ನಡ ಚಿತ್ರ ‘ಚಿನ್ನದ ಗೊಂಬೆ’ಯಲ್ಲಿ ನಾಯಕಿಯಾದಳು. ಮುಂದೆ ಜಯಲಲಿತಾ ತಲುಪಿದ ಎತ್ತರ ಎಲ್ಲರಿಗೂ ಗೊತ್ತು. ಸಿನಿಮಾ ತನ್ನ ಆಯ್ಕೆಯಾಗಿರಲಿಲ್ಲ, ಓದು ಬಿಡಬೇಕಾಯಿತು ಎಂಬ ಕೊರಗನ್ನು ಅವರು ಅಧಿಕಾರದ ಎತ್ತರವನ್ನೆಲ್ಲ ಕಂಡ ಮೇಲೂ ಸಂದರ್ಶನದಲ್ಲಿ ಹೇಳಿಕೊಂಡರು. ಗೆದ್ದ ದಾರಿ ಬೇರೆ, ಒಪ್ಪುವ ದಾರಿ ಬೇರೆ. "ನೋಡು, ಹೊಂದಿಕೊಂಡಿದ್ದಕ್ಕೆ ಎಷ್ಟು ಮೇಲೆ ಹೋದರು" ಎನ್ನುವವರು ಯಾವ ಅಳತೆಗೋಲು ಹಿಡಿದಿದ್ದಾರೆ ಎಂದು ಮೊದಲು ಕೇಳಬೇಕು.

ಇನ್ನು ಒಬ್ಬಿಬ್ಬರ ಮಾತು ಬಿಟ್ಟು ಒಂದು ಇಡೀ ಉದ್ಯಮವನ್ನೇ ನೋಡಿ. ಕನ್ನಡ ಸಿನಿಮಾ ಬಹುಕಾಲ ಮದ್ರಾಸಿನ ಬಾಡಿಗೆದಾರ. ವಾಹಿನಿ, ಎವಿಎಂ ಮೊದಲಾದ ಸ್ಟುಡಿಯೊಗಳಲ್ಲಿ ಇತರರ ಪಾಳಿಗಳ ನಡುವೆ ಬಿಡುವು ಸಿಕ್ಕಾಗ ಕನ್ನಡ ಚಿತ್ರೀಕರಣ. ರಾಜ್‌ಕುಮಾರ್ ಅವರೂ ಈ ಊರಿನಲ್ಲೇ ಸಂಸಾರ ಹೂಡಿದ್ದರು, ಶಿವರಾಜ್‌ಕುಮಾರ್, ಪುನೀತ್ ಹುಟ್ಟಿದ್ದು ಇಲ್ಲೇ. ಆ ಉದ್ಯಮ ಬೆಂಗಳೂರಿಗೆ ಮರಳಿದ್ದು ಹೇಗೆ? ಕಲಾವಿದರೆಲ್ಲ ಒಂದು ಬೆಳಿಗ್ಗೆ ಎದ್ದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರಿಂದಲೇ? 1960ರ ದಶಕದ ಉತ್ತರಾರ್ಧದಲ್ಲಿ ರಾಜ್ಯ ಸರ್ಕಾರ ನಾಡಿನೊಳಗೆ ತಯಾರಾದ ಚಿತ್ರಗಳಿಗೆ ಸಹಾಯಧನ ಕೊಡತೊಡಗಿತು, 1966ರಲ್ಲಿ ಕಂಠೀರವ ಸ್ಟುಡಿಯೊ ಶುರುವಾಯಿತು. ನೆಲ ಸಿದ್ಧವಾದ ಮೇಲೆ ಕಾಲುಗಳು ನಡೆದವು. ಆಗಲೂ ಎಲ್ಲರಿಗೂ ಹೊರಡಲಾಗಲಿಲ್ಲ. ಕೋಡಂಬಾಕ್ಕಂನಲ್ಲಿ ಮನೆ ಕಟ್ಟಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿದ್ದ ಲೈಟ್‌ಬಾಯ್‌ಗಳಿಗೆ, ಸಂಕಲನದ ಸಹಾಯಕರಿಗೆ ಯಾರೂ ಸಹಾಯಧನ ಕೊಡಲಿಲ್ಲ. ಅವರಿಗೆ ಸಿಕ್ಕಿದ್ದು ನಮ್ಮ ಹಳೆಯ ಬುದ್ಧಿಮಾತು ಮಾತ್ರ.

ಎಷ್ಟು ಹೊಂದಿಕೊಂಡರೆ ಸಾಕು ಎಂಬ ಲೆಕ್ಕವಾದರೂ ಇದೆಯೇ? ವುಡ್‌ಲ್ಯಾಂಡ್ಸ್ ಡ್ರೈವ್‌-ಇನ್ ಈ ಊರಿನ ಮನೆಮಾತಾಗಿತ್ತು. ಆದರೆ ನೆಲ ಗುತ್ತಿಗೆಯದು. 2008ರಲ್ಲಿ ಅದು ಮುಚ್ಚಿತು, 2010ರಲ್ಲಿ ಅಲ್ಲಿ ‘ಸೆಮ್ಮೊಳಿ ಪೂಂಗಾ’ ಎಂಬ ಉದ್ಯಾನ ತೆರೆಯಿತು. 2016ರ ಸೆಪ್ಟೆಂಬರ್ 12ರ ನಸುಕಿನಲ್ಲಿ, ಕಾವೇರಿ ಗಲಾಟೆಯ ಕಾವಿನಲ್ಲಿ, ರಾಧಾಕೃಷ್ಣನ್ ಸಾಲೈನ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಬಿತ್ತು. ಆರು ದಶಕ ಮದ್ರಾಸಿಗರಿಗೆ ಕಾಫಿ ಕೊಟ್ಟ ಹೋಟೆಲು ಒಂದು ಮುಂಜಾವಿಗೆ ‘ಅವರ’ ಹೋಟೆಲಾಯಿತು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳನ್ನು ಸಾಲಾಗಿ ಸುಟ್ಟರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ತಮಿಳರು ಇನ್ನೆಷ್ಟು ಹೊಂದಿಕೊಳ್ಳಬೇಕಿತ್ತು? ಅಂಥ ದಿನ ಕಾಪಾಡುವುದು ಮೃದು ಸ್ವಭಾವವಲ್ಲ. ಪೊಲೀಸು, ಕಾನೂನು, ಬಾಗಿಲು ತೆರೆದು ಒಳಗೆ ಕರೆಯುವ ನೆರೆಯವರು.

ಕಾನೂನಿನ ಮಾತು ಬಂತಾದ್ದರಿಂದ ಒಂದು ಸಣ್ಣ ಉದಾಹರಣೆ. ತಮಿಳುನಾಡಿನ 2006ರ ಕಾಯ್ದೆಯಂತೆ ಶಾಲೆಗಳಲ್ಲಿ ತಮಿಳು ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿಯಂತೆ ಏರುತ್ತಾ 2015–16ಕ್ಕೆ ಹತ್ತನೇ ತರಗತಿ ಮುಟ್ಟಿತು. ಕನ್ನಡ, ತೆಲುಗು, ಮಲಯಾಳಂ, ಉರ್ದು ಶಾಲೆಗಳ ಮಕ್ಕಳು ಪಬ್ಲಿಕ್ ಪರೀಕ್ಷೆಯಲ್ಲಿ ತಮಿಳು ಬರೆಯಬೇಕಾಯಿತು. ಅಡ್ಜಸ್ಟ್ ಮಾಡಿಕೊಳ್ಳಿ ಎಂದವರು ಆಗಲೂ ಇದ್ದರು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋದರು, ವಿನಾಯಿತಿ ಪಡೆದರು. 2023ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೊಂದು ವರ್ಷಕ್ಕೆ ವಿಸ್ತರಿಸಿತು. ನನಗೆ ಇದು ತಮಿಳಿನ ಮೇಲಿನ ಸಿಟ್ಟಾಗಿ ಕಾಣುವುದಿಲ್ಲ. ಕಲಿಸುವವರನ್ನು ಕೊಡಿ, ಕಾಲಾವಕಾಶ ಕೊಡಿ, ಆಮೇಲೆ ಪರೀಕ್ಷೆ ಮಾಡಿ ಎನ್ನುವುದು ನ್ಯಾಯವಾದ ಚೌಕಾಸಿ.

ಎದುರು ವಾದ ನನಗೂ ಕೇಳಿಸುತ್ತದೆ. ಹಾಗಾದರೆ ಹಟ ಹಿಡಿದು ಕೂರಬೇಕೇ? ಮೂವತ್ತು ವರ್ಷ ಚೆನ್ನೈಯಲ್ಲಿದ್ದು ತರಕಾರಿಯವಳೊಂದಿಗೆ ಬೆರಳು ತೋರಿಸಿ ವ್ಯಾಪಾರ ಮಾಡುವ, ಬಿಸಿಲನ್ನೂ ಸಾಂಬಾರನ್ನೂ ಬೈದುಕೊಂಡೇ ನಿವೃತ್ತರಾಗುವ ಮಹಾಶಯರು ನಮ್ಮಲ್ಲಿದ್ದಾರಲ್ಲ, ಅವರ ಪರವೇ ನೀನು? ಖಂಡಿತ ಅಲ್ಲ. ಅವರದು ಹಟವೂ ಅಲ್ಲ, ಸೋಮಾರಿತನ. ತಮಿಳು ಕಲಿಯಲೇಬೇಕು. ಅನ್ನ ಕೊಡುವ ಊರಿನ ಭಾಷೆ ಕಲಿಯದವನಿಗೆ ಆ ಊರಿನ ಜೊತೆ ಜಗಳವಾಡುವ ಹಕ್ಕೂ ಸಿಗುವುದಿಲ್ಲ, ಏಕೆಂದರೆ ಜಗಳಕ್ಕೂ ಭಾಷೆ ಬೇಕು. ನಾನು ಹೇಳುತ್ತಿರುವುದು ಲೆಕ್ಕ ಇಡಬೇಕೆಂದು. ಏನನ್ನು ಬಿಡುತ್ತಿದ್ದೇನೆ, ಅದರ ಬದಲಿಗೆ ಏನು ಸಿಗುತ್ತಿದೆ, ಎದುರಿನವರು ಎಷ್ಟು ಸರಿದರು. ಭಾಷೆ ಕಲಿಯುವುದು ಹುಡುಗಿಯ ಪಾಲು. ನಿರ್ಧಾರದ ಮಾತನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಆಡುವುದು ಟೀಮಿನ ಪಾಲು. ರಾತ್ರಿ ಒಂಬತ್ತೂವರೆಗೆ ಬರುವವಳಿಗೆ ಒಂದು ತಟ್ಟೆ ಅನ್ನ ಎತ್ತಿಡುವುದು ತಿಂಗಳ ಹಣ ಎಣಿಸಿಕೊಂಡ ಪಿಜಿಯ ಪಾಲು. ಮೂರರಲ್ಲಿ ಒಂದನ್ನೇ ಹಿಡಿದು ಜಗ್ಗಿ ಅದಕ್ಕೆ ಪ್ರಬುದ್ಧತೆ ಎಂದು ಹೆಸರಿಡುವುದು ನಮ್ಮ ಪಾಲಾಗಿಬಿಟ್ಟಿದೆ.

"ನಾವೆಲ್ಲ ಕಷ್ಟಪಟ್ಟು ಹೊಂದಿಕೊಳ್ಳಲಿಲ್ಲವೇ?" ಎನ್ನುತ್ತಾರೆ ನನ್ನ ವಯಸ್ಸಿನವರು. ನಾನೂ ಹಾಗೇ ನಂಬಿದ್ದೆ. ಆ ಹುಡುಗಿಯ ಪ್ರಶ್ನೆಯಾದ ಮೇಲೆ ನನ್ನದೇ ದಿನಗಳನ್ನು ಮತ್ತೆ ತೆರೆದು ನೋಡಿದೆ.

2003ರಿಂದ 2004ರವರೆಗೆ ಈ ಊರಿಗೆ ಮಹಾ ಬರ. ನಾವಾಗ ಪಶ್ಚಿಮ ಮಾಂಬಲದ ಒಂದು ಓಣಿಯಲ್ಲಿದ್ದೆವು. ನಲ್ಲಿ ಸತ್ತು ತಿಂಗಳುಗಳಾಗಿದ್ದವು. ಮೆಟ್ರೊ ವಾಟರ್ ಲಾರಿ ದಿನ ಬಿಟ್ಟು ದಿನ ಬರುತ್ತಿತ್ತು, ಗಂಟೆ ಮಾತ್ರ ಅದರ ಇಷ್ಟ. ಓಣಿಯ ಬಾಯಿಂದ ತುದಿಯವರೆಗೆ ಪ್ಲಾಸ್ಟಿಕ್ ಕೊಡಗಳ ಸಾಲು: ಹಸಿರು, ಕೇಸರಿ, ನೀಲಿ, ಕಡುಗೆಂಪು. ಕಂಠಕ್ಕೆ ದಾರ ಕಟ್ಟಿದ್ದು ಒಬ್ಬರದು, ಪೇಂಟಿನಲ್ಲಿ ಅಕ್ಷರ ಬರೆದದ್ದು ಇನ್ನೊಬ್ಬರದು. ಸಾಲಿನಲ್ಲಿ ಕೊಡ ಇದ್ದರೆ ಮನುಷ್ಯ ಇದ್ದಂತೆ. ಕೊಡ ಇಲ್ಲದಿದ್ದರೆ ನೀವು ಯಾರಾದರೇನು. ನನ್ನ ಹೆಂಡತಿ ಹೆರಿಗೆಗೆ ಮೈಸೂರಿಗೆ ಹೋಗಿದ್ದಳು. ನಾನು ಬೆಳಿಗ್ಗೆ ಏಳಕ್ಕೆ ಹೊರಟರೆ ವಾಪಸಾಗುವುದು ರಾತ್ರಿ. ಲಾರಿ ಹಗಲಲ್ಲಿ ಬಂದು ಹೋಗುತ್ತಿತ್ತು. ಮೊದಲ ವಾರ ಕ್ಯಾನ್ ನೀರಿನಲ್ಲಿ ಮುಖ ತೊಳೆದು, ಬಟ್ಟೆಯ ಗಂಟು ಬೆಳೆಯುವುದನ್ನು ನೋಡುತ್ತಾ ಕಳೆದೆ. ಆಗಲೇ ಮನಸ್ಸಿನಲ್ಲಿ ರಾಜೀನಾಮೆ ಪತ್ರದ ಮೊದಲ ಸಾಲು ಬರೆದಿಟ್ಟಿದ್ದೆ.

ಎರಡನೇ ವಾರದ ಒಂದು ರಾತ್ರಿ ಬಂದಾಗ ಬಾಗಿಲ ಮುಂದೆ ಎರಡು ಕೊಡ ತುಂಬಿದ ನೀರು. ಒಂದರ ಬಾಯಿಗೆ ಅಡಿಕೆ ಹಾಳೆಯ ತಟ್ಟೆ ಮುಚ್ಚಿತ್ತು, ಇನ್ನೊಂದಕ್ಕೆ ಹಳೆಯ ಕ್ಯಾಲೆಂಡರಿನ ರಟ್ಟು. ಎದುರು ಮನೆಯ ಅಕ್ಕ, ಇಸ್ತ್ರಿ ಅಂಗಡಿಯವನ ಹೆಂಡತಿ, ಕಿಟಕಿಯಿಂದಲೇ ಹೇಳಿದಳು: "ಸಾರ್, ಉಂಗ ಕುಡಂ ನಾನ್ ವರಿಸೈಲೆ ವೆಚ್ಚೇನ್." ನಿಮ್ಮ ಕೊಡವನ್ನು ನಾನು ಸಾಲಿನಲ್ಲಿಟ್ಟೆ. ನಮ್ಮ ಕೊಡ, ಅವರ ಕುಡಂ. ಆವರೆಗೆ ಆಕೆಯ ಜೊತೆ ನಾನು ಆಡಿದ್ದ ಮಾತು ಹತ್ತೂ ಇರಲಿಲ್ಲ. ಮರುದಿನದಿಂದ ಆಡತೊಡಗಿದೆ. ನನ್ನ ತಮಿಳು ಶುರುವಾದದ್ದು ಪುಸ್ತಕದಿಂದಲ್ಲ, ಆ ಕಿಟಕಿಯಿಂದ. ಆಕೆಗೆ ನಾನು ಕೊಟ್ಟದ್ದು ಬಹಳ ಕಡಿಮೆ: ಮಗನ ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬಿಸಿಕೊಟ್ಟೆ, ಭಾನುವಾರ ನಾನಿದ್ದಾಗ ಅವರ ಕೊಡವನ್ನೂ ಕಾದೆ. ಆ ಬರಗಾಲದ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅದರ ನಾಯಕ ನಾನೇ. "ಎರಡು ಕೊಡ ನೀರಿನಲ್ಲಿ ಸಂಸಾರ ಮಾಡಿದೆ" ಎಂದೇ ಹೇಳುತ್ತಾ ಬಂದೆ. ಆ ಎರಡು ಕೊಡ ಸಾಲಿನಲ್ಲಿ ನಿಂತದ್ದು ಹೇಗೆ ಎಂಬ ಭಾಗ ಪ್ರತಿ ಸಲವೂ ನನ್ನ ಬಾಯಿಂದ ಬಿಟ್ಟುಹೋಗಿತ್ತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಬರುತ್ತಾಳೆ. ನೀರಿನ ಹತ್ತಿರ ಆಗಲೇ ನಿಂತವರು ಆಕೆಯ ಕೊಡಕ್ಕೆ ಜಾಗ ಬಿಡುತ್ತಾರೋ, ಭಾಷಣ ಬಿಗಿಯುತ್ತಾರೋ ಎಂಬುದಷ್ಟೇ ಪ್ರಶ್ನೆ. ಆ ಭಾನುವಾರ ಊಟಕ್ಕೆ ಕೂತಿದ್ದ ಏಳೆಂಟು ಮಂದಿಯಲ್ಲಿ ಇಬ್ಬರಿಗೆ ಖಾಲಿ ಕೋಣೆಗಳಿದ್ದವು. ಒಬ್ಬರ ತಂಗಿ ಅದೇ ಓಎಂಆರ್ ರಸ್ತೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಳು. ನನಗೆ ಸಂಜೆ ಪೂರಾ ಬಿಡುವಿತ್ತು, ತಮಿಳು ಬರುತ್ತಿತ್ತು. ನಾವು ಅವಳಿಗೆ ಕೊಟ್ಟಿದ್ದು ಒಂದು ಉಪಮೆ.

ಮರುವಾರ ಫೋನು ಮಾಡಿದೆ. ಈ ಸಲ ನೀರಿನ ಮಾತು ಎತ್ತಲಿಲ್ಲ. ಪಿಜಿಗೆ ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀಯ, ವಾಪಸು ಕೊಡುತ್ತಾರಂತಾ, ಯಾವ ದಿನಗಳಲ್ಲಿ ರಾತ್ರಿ ಕಾಲ್ ಇರುತ್ತದೆ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದುಕೊಳ್ತೀರಾ ಅಂಕಲ್?" ಎಂದಳು. ಪೆನ್ನು ಹುಡುಕಿದೆ.